‘ಲೌಂಗ್ ಲಾಚಿ’: ನೂರು ಕೋಟಿ ಸಲ ಕೇಳಿದ ಹಾಡು, ಅದರ ಹಿಂದಿನ ಚಿತ್ರ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಕಳೆದ ವಾರ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವಾಗ ರೈಲಿನಲ್ಲಿ ಎದುರು ಕುಳಿತಿದ್ದ ಹುಡುಗಿಯೊಬ್ಬಳು ‘ಲೌಂಗ್ ಲಾಚಿ’ ಗುನುಗುತ್ತಿದ್ದಳು. ಅರ್ಥ ಗೊತ್ತೇ ಎಂದು ಕೇಳಿದೆ. ಗೊತ್ತಿಲ್ಲ, ಆದರೆ ಪೂರ್ತಿ ಹಾಡು ಬಾಯಿಗೆ ಬರುತ್ತದೆ ಎಂದಳು. ಅದು ಚಲನಚಿತ್ರವೊಂದರ ಹಾಡು ಎಂಬುದೂ ಅವಳಿಗೆ ತಿಳಿದಿರಲಿಲ್ಲ. ಮನೆಗೆ ಬಂದು ಆ ಪಂಜಾಬಿ ಚಿತ್ರವನ್ನು ಮತ್ತೊಮ್ಮೆ ನೋಡಿದೆ.

ತಿಳಿಯದವರಿಗಾಗಿ ಎರಡು ಮಾತು. ಚಿತ್ರ ಬಿಡುಗಡೆಯಾದದ್ದು 2018ರ ಮಾರ್ಚ್ 9ರಂದು. ನಿರ್ದೇಶಕ ಅಂಬರ್‌ದೀಪ್ ಸಿಂಗ್. ಗಂಡನ ಪಾತ್ರದಲ್ಲಿ ನಟಿಸಿದವರೂ ಅವರೇ. ಹೆಂಡತಿ ಲಾಚಿಯಾಗಿ ನೀರೂ ಬಾಜ್ವಾ ಇದ್ದಾರೆ, ಜೊತೆಗೆ ಎಮ್ಮಿ ವಿರ್ಕ್. ಹಿರಿಯರು ನಿಶ್ಚಯಿಸಿದ ಮದುವೆಯಾಗಿ ಬಂದ ಹೆಣ್ಣಿಗೆ ಪ್ರೀತಿಸಿ ಮದುವೆಯಾಗುವ ಸುಖ ತಪ್ಪಿಹೋಯಿತಲ್ಲ ಎಂಬ ಕೊರಗು. ಅದಕ್ಕೆ ಗಂಡಹೆಂಡಿರಿಬ್ಬರೂ ಒಬ್ಬರಿಗೊಬ್ಬರು ಅಪರಿಚಿತರೆಂಬಂತೆ ನಡೆದುಕೊಂಡು, ಮೊದಲಿನಿಂದ ಪ್ರೀತಿ ಶುರುಮಾಡಲು ಒಪ್ಪಂದ ಮಾಡಿಕೊಳ್ಳುತ್ತಾರೆ. ಕೈಹಿಡಿದವಳ ಮುಂದೆಯೇ ಗಂಡ ಪ್ರಣಯದ ಉಮೇದುವಾರನಾಗಿ ನಿಲ್ಲಬೇಕಾಗುತ್ತದೆ. ಕಥೆಯ ನಗುವೆಲ್ಲ ಹುಟ್ಟುವುದು ಇಲ್ಲಿಂದ.

ಶೀರ್ಷಿಕೆ ಗೀತೆಗೆ ಸಂಗೀತ ಗುರ್ಮೀತ್ ಸಿಂಗ್ ಅವರದು, ಹಾಡಿದವರು ಮನ್ನತ್ ನೂರ್, ಬರೆದವರು ಹರ್ಮನ್‌ಜೀತ್. 2019ರ ಕೊನೆಯಲ್ಲಿ ಯೂಟ್ಯೂಬ್‌ನಲ್ಲಿ 100 ಕೋಟಿ ವೀಕ್ಷಣೆ ದಾಟಿತು. ಅಷ್ಟು ದೂರ ಹೋದ ಮೊದಲ ಭಾರತೀಯ ಹಾಡು ಅದು, ಹಿಂದಿಯಲ್ಲ, ಪಂಜಾಬಿ. ನನ್ನನ್ನು ಕಾಡುವ ಪ್ರಶ್ನೆ ಇಷ್ಟೇ: ಇಷ್ಟು ಜನ ಕೇಳಿದ ಹಾಡಿನಲ್ಲಿ ನಿಜವಾಗಿ ಏನಿದೆ? ‘ನೀನು ಲವಂಗ, ನಾನು ಏಲಕ್ಕಿ, ನಿನ್ನ ಹಿಂದೆ ಬಂದು ಕಳೆದುಹೋದೆ’ ಎಂಬ ಒಂದು ಮಾತಿನ ಸುತ್ತ ಅದು ಸುತ್ತುತ್ತದೆ. ಇದರಲ್ಲಿ ನಮಗೆ ಕಾಣದ್ದು ಇನ್ನೇನೋ ಇರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತಿದೆ. ಪಂಜಾಬ್ ಬಲ್ಲವರು ದಯವಿಟ್ಟು ಹೇಳಿ.

ನಿಷ್ಠುರ ನೋಟ:
ತುಂಗಾತೀರ ಅವರೇ, ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಕಥೆಯ ಎಳೆ ಚೆನ್ನಾಗಿದೆ, ಆದರೆ ದ್ವಿತೀಯಾರ್ಧದಲ್ಲಿ ಅದನ್ನು ಎಳೆದು ಎಳೆದು ತೆಳುವಾಗಿಸಿದ್ದಾರೆ. ಅಂಬರ್‌ದೀಪ್ ಅವರ ಕೈ ಎಷ್ಟು ಗಟ್ಟಿ ಎಂಬುದು ಅವರೇ ಬರೆದ ‘ಅಂಗ್ರೇಜ್’ (2015) ನೋಡಿದವರಿಗೆ ಗೊತ್ತು. 1945ರ ಹಳ್ಳಿ, ದೇಶ ಒಡೆಯುವುದಕ್ಕೆ ಇನ್ನೆರಡೇ ವರ್ಷ. ಅಂಥ ಕಾಲದಲ್ಲಿ ಇಟ್ಟು ಹೇಳಿದ ಪ್ರೇಮ ಹಾಸ್ಯ ಅದು. ಅಲ್ಲಿ ಒಂದು ಮಾತೂ ಪೋಲಾಗಿರಲಿಲ್ಲ. ಹಾಡಿನ ವಿಚಾರಕ್ಕೆ ಬಂದರೆ, ಲಾಚಿಗೆ (ಏಲಕ್ಕಿ) ‘ಗವಾಚಿ’ (ಕಳೆದುಹೋದೆ) ಪ್ರಾಸವಾಗಿ ಬಂದಿದೆ, ಅಷ್ಟೆ. ಪಂಜಾಬಿ ಜನಪದದಲ್ಲಿ ಮೊದಲ ಸಾಲು ಪ್ರಾಸಕ್ಕೆಂದೇ ಇರುತ್ತದೆ ಎಂದು ಓದಿದ್ದೇನೆ. ಗೆದ್ದದ್ದು ರಾಗ ಮತ್ತು ದನಿ. ಇಲ್ಲದ ಆಳವನ್ನು ನಾವು ಹುಡುಕುವುದು ಬೇಡ.

ಬಠಿಂಡಾ ದಿನಗಳು:
ನನ್ನ ಯಜಮಾನರ ಕೆಲಸದ ನಿಮಿತ್ತ ಆರು ವರ್ಷ ಪಂಜಾಬಿನ ಬಠಿಂಡಾದಲ್ಲಿದ್ದೆವು. ನಿಷ್ಠುರ ನೋಟ ಅವರು ಪ್ರಾಸದ ಬಗ್ಗೆ ಹೇಳಿದ್ದು ಅರ್ಧ ಸರಿ. ‘ಗಿದ್ಧಾ’ ಎಂಬ ಹೆಂಗಸರ ಕುಣಿತದಲ್ಲಿ ಎಲ್ಲರೂ ಸುತ್ತುಗಟ್ಟಿ ನಿಂತಿರುತ್ತಾರೆ. ಒಬ್ಬಳು ನಡುವೆ ಬಂದು ‘ಬೋಲಿ’ ಹೇಳುತ್ತಾಳೆ. ‘ಹನ್ನೆರಡು ವರ್ಷ ದುಡಿಯಲು ಹೋದ, ಇಂಥದ್ದು ತಂದ’ ಎಂದು ಎಷ್ಟೋ ಬೋಲಿಗಳು ಶುರುವಾಗುತ್ತವೆ. ಅವನು ತಂದದ್ದು ಗೂಟವೋ ಬಟ್ಟಲೋ ಯಾರಿಗೂ ಮುಖ್ಯವಲ್ಲ, ಮುಂದಿನ ಸಾಲಿಗೆ ಪ್ರಾಸ ಕೂಡಿದರೆ ಸಾಕು. ಆಮೇಲಿನ ಸಾಲಿನಲ್ಲಿ ಅತ್ತೆಗೋ ನಾದಿನಿಗೋ ಗಂಡನಿಗೋ ಸರಿಯಾದ ಏಟು ಬೀಳುತ್ತದೆ, ಸುತ್ತಲಿನವರು ಅದನ್ನೇ ಎತ್ತಿಕೊಂಡು ಚಪ್ಪಾಳೆಯ ಮಳೆ ಸುರಿಸುತ್ತಾರೆ. ಹೊರಗಿನಿಂದ ಬಂದ ನನ್ನನ್ನೂ ಒಮ್ಮೆ ನಡುವೆ ತಳ್ಳಿದ್ದರು. ನಾನು ನಮ್ಮ ಬೀಗರ ಹಾಡಿನ ಎರಡು ಸಾಲು ಹೇಳಿದೆ. ಒಂದಕ್ಷರ ತಿಳಿಯದಿದ್ದರೂ ಗಂಡಿನ ಕಡೆಯವರನ್ನು ಹಂಗಿಸುತ್ತಿದ್ದೇನೆ ಎಂದು ಅವರಿಗೆ ಕೂಡಲೇ ಗೊತ್ತಾಯಿತು. ಮದುವೆಯಲ್ಲಿ ಬೀಗರನ್ನು ಹಾಡಿನಲ್ಲೇ ಬೈಯುವ ‘ಸಿಠಣಿ’ ಅವರಲ್ಲೂ ಇದೆಯಲ್ಲ!

ಆದರೆ ಈ ಹಾಡಿನ ಲವಂಗ, ಏಲಕ್ಕಿ ಬರೀ ಪ್ರಾಸಕ್ಕೆ ಬಂದವಲ್ಲ. ‘ಲೌಂಗ್’ ಎಂದರೆ ಲವಂಗವೂ ಹೌದು, ಹೆಂಗಸರು ಮೂಗಿಗೆ ಹಾಕುವ ಒಡವೆಯೂ ಹೌದು. ಲವಂಗದ ತಲೆಯ ಆಕಾರದ ಪುಟ್ಟ ಮೂಗುಬೊಟ್ಟು. ನಮ್ಮ ಪಕ್ಕದ ಮನೆಯ ಬೀಜಿ (ಹಿರಿಯ ಅಜ್ಜಿಯರನ್ನು ಅಲ್ಲಿ ಹಾಗೆ ಕರೆಯುತ್ತಾರೆ) ತಮ್ಮ ಅತ್ತೆ ಕೊಟ್ಟ ಲೌಂಗ್ ಅನ್ನು ಮಲಗುವಾಗಲೂ ತೆಗೆಯುತ್ತಿರಲಿಲ್ಲ.

ಪದಕೋಶ:
ಮೇಡಂ, ನೀವು ಬೀಗದ ಕೈಯನ್ನೇ ಕೊಟ್ಟಿರಿ! ಹಾಗಿದ್ದರೆ ಇನ್ನೊಂದು ಹಾಡನ್ನು ಪಕ್ಕದಲ್ಲಿಟ್ಟು ನೋಡಬೇಕು. ‘ಲೌಂಗ್ ಗವಾಚಾ’ ಎಂಬ ಹಳೆಯ ಜನಪದ ಗೀತೆ ಇದೆ. ಮೂಗುಬೊಟ್ಟು ಕಳೆದುಹೋಯಿತು ಎಂದು ಹೆಣ್ಣು ಹಾಡುವ ಹಾಡು. 1950ರ ದಶಕದಲ್ಲಿ ಪಾಕಿಸ್ತಾನದ ಚಿತ್ರಗಳಲ್ಲಿ ನಾಯಕಿಯಾಗಿದ್ದು, ಮದುವೆಯಾಗಿ ಕೆನಡಾ ಸೇರಿದ್ದ ಮುಸರ್ರತ್ ನಜೀರ್ ಅವರು ಎಷ್ಟೋ ವರ್ಷಗಳ ಬಳಿಕ ಮರಳಿ ಹಾಡಿ ಗಡಿಯ ಎರಡೂ ಕಡೆ ಮನೆಮಾತಾಗಿಸಿದ ಹಾಡು ಅದು. ಪಂಜಾಬಿಗಳ ಮದುವೆಮನೆಯಲ್ಲಿ ಅದನ್ನು ಕೇಳದವರಿಲ್ಲ.

ಈಗ ವ್ಯಾಕರಣ ನೋಡಿ. ಪಂಜಾಬಿಯಲ್ಲಿ ‘ಲೌಂಗ್’ ಪುಲ್ಲಿಂಗ, ‘ಲಾಚಿ’ ಸ್ತ್ರೀಲಿಂಗ. ಹಳೆಯ ಹಾಡಿನಲ್ಲಿ ಕಳೆದದ್ದು ಲೌಂಗ್, ಅದಕ್ಕೇ ‘ಗವಾಚಾ’. ಹೊಸ ಹಾಡಿನಲ್ಲಿ ‘ಗವಾಚಿ’. ಅಂದರೆ ಕಳೆದುಹೋದವಳು ಹೆಣ್ಣೇ. ಮೂಗಿನ ಒಡವೆ ಕಳೆಯಿತೆಂದು ಅಜ್ಜಿಯರ ಕಾಲದಿಂದ ಹಾಡಿಕೊಂಡು ಬಂದಿದ್ದರು. ಕವಿ ಆ ಒಡವೆಯನ್ನು ಗಂಡಾಗಿಸಿ, ಅದರ ಹಿಂದೆ ಹೊರಟ ಹೆಣ್ಣನ್ನೇ ಕಳೆದುಬಿಟ್ಟ. ಒಂದು ಆಕಾರ ಈಕಾರವಾದಾಗ ಇಡೀ ಹಾಡು ತಿರುಗಿ ನಿಲ್ಲುತ್ತದೆ. ಪಂಜಾಬಿ ಕಿವಿಗೆ ಇದು ವಿವರಿಸದೆಯೇ ತಲುಪುತ್ತದೆ ಎಂದು ನನ್ನ ನಂಬಿಕೆ. ಕನ್ನಡದಲ್ಲಿ ಲವಂಗವೂ ಏಲಕ್ಕಿಯೂ ನಪುಂಸಕಲಿಂಗ, ನಮಗೆ ಎರಡೂ ‘ಅದು’. ನಾವು ಎಷ್ಟು ನಿಷ್ಠೆಯಿಂದ ಅನುವಾದಿಸಿದರೂ ಗಂಡು ಹೆಣ್ಣಿನ ಆ ಜೋಡಿ ಒಡೆದೇಹೋಗುತ್ತದೆ.

ನಿಷ್ಠುರ ನೋಟ ಅವರೇ, ಪ್ರಾಸ ಇದೆ, ನಿಜ. ಆದರೆ ಪ್ರಾಸಕ್ಕೆಂದು ಬಂದ ಮಾತು ಇಷ್ಟು ಅಚ್ಚುಕಟ್ಟಾಗಿ ಹಳೆಯ ಹಾಡನ್ನು ಮುಟ್ಟಿ ಬರುವುದಿಲ್ಲ.

ನಿಷ್ಠುರ ನೋಟ:
‘ಲೌಂಗ್ ಗವಾಚಾ’ ಕೇಳಿದ್ದೆ, ಇವೆರಡನ್ನೂ ಜೋಡಿಸಿ ನೋಡಿರಲಿಲ್ಲ. ಪ್ರಾಸದ ಕುರಿತ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ದ್ವಿತೀಯಾರ್ಧದ ಕುರಿತ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ಹಳೆಯ ರೇಡಿಯೊ:
ಈ ಹಾಡಿನ ಕವಿ ಯಾರೆಂದು ತಿಳಿದರೆ ಪದಕೋಶ ಅವರ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ಹರ್ಮನ್‌ಜೀತ್ ಮಾನ್ಸಾ ಜಿಲ್ಲೆಯವರು, ಶಾಲಾ ಶಿಕ್ಷಕರು. ‘ರಾಣಿ ತತ್’ ಎಂಬ ಕವನ ಸಂಕಲನಕ್ಕೆ 2017ರಲ್ಲಿ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಪಡೆದವರು. ಅದೇ ವರ್ಷ ಕನ್ನಡದಲ್ಲಿ ಆ ಪುರಸ್ಕಾರ ಶಾಂತಿ ಕೆ. ಅಪ್ಪಣ್ಣ ಅವರ ‘ಮನಸು ಅಭಿಸಾರಿಕೆ’ಗೆ ಬಂದಿತ್ತು. ಅಕಾಡೆಮಿ ಗುರುತಿಸಿದ ಕವಿ ಮರುವರ್ಷವೇ ಬರೆದ ಹಾಡು ಆಟೊದಲ್ಲಿ, ಮದುವೆಯಲ್ಲಿ, ರೈಲಿನಲ್ಲಿ ಕೇಳಿಬಂದಿದೆ. ಪುಸ್ತಕದ ಕವಿತೆ ಬೇರೆ, ಸಿನಿಮಾದ ಹಾಡು ಬೇರೆ ಎಂಬ ಗೋಡೆ ಅಲ್ಲಿ ಅಷ್ಟು ಎತ್ತರವಾಗಿಲ್ಲ. ನನಗೆ ಪಂಜಾಬಿ ಸಂಗೀತದಲ್ಲಿ ತುಂಬ ಪ್ರಿಯವಾದ ಸಂಗತಿ ಇದು.

ಚಿತ್ರರಂಗದ ಹಿನ್ನೆಲೆಯನ್ನೂ ಸ್ವಲ್ಪ ಹೇಳುತ್ತೇನೆ. ಇಂದು ಪಂಜಾಬಿ ಪ್ರೇಮ ಹಾಸ್ಯ ಚಿತ್ರ ಎಂದರೆ ಬಣ್ಣ, ಸಾಸಿವೆ ಹೊಲ, ಕೆನಡಾ ಎಂದು ಕಣ್ಣಿಗೆ ಕಟ್ಟುತ್ತದೆ. ಆದರೆ 1980ರ ದಶಕದ ಉಗ್ರವಾದ ಆ ಚಿತ್ರರಂಗದ ಉಸಿರನ್ನೇ ಹಿಂಡಿತ್ತು. ಜನಪ್ರಿಯ ನಟ, ನಿರ್ದೇಶಕ ವರಿಂದರ್ 1988ರಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗಲೇ ಗುಂಡೇಟಿಗೆ ಬಲಿಯಾದರು. ಆಮೇಲೆ ಬಹಳ ಕಾಲ ಅಲ್ಲಿ ಗಟ್ಟಿಯಾಗಿ ನಗುವ ಚಿತ್ರ ಬರಲಿಲ್ಲ. 2002ರಲ್ಲಿ ಮನಮೋಹನ್ ಸಿಂಗ್ ನಿರ್ದೇಶಿಸಿದ ‘ಜೀ ಆಯಾಂ ನೂ’ ಬಂದಾಗ ಜನ ಚಿತ್ರಮಂದಿರಕ್ಕೆ ಮರಳಿದರು. ಅದರ ನಾಯಕ ಗಾಯಕ ಹರಭಜನ್ ಮಾನ್. ಪ್ರೇಮ ಹಾಸ್ಯಕ್ಕೆ ಹೆದ್ದಾರಿಯನ್ನೇ ತೆರೆದದ್ದು 2012ರ ‘ಜಟ್ ಅಂಡ್ ಜೂಲಿಯಟ್’. ಅನುರಾಗ್ ಸಿಂಗ್ ನಿರ್ದೇಶನ, ದಿಲ್‌ಜೀತ್ ದೊಸಾಂಝ್ ನಾಯಕ, ನಾಯಕಿ ಇದೇ ನೀರೂ ಬಾಜ್ವಾ.

ಗಮನಿಸಿ: ಹರಭಜನ್ ಮಾನ್, ದಿಲ್‌ಜೀತ್, ‘ಅಂಗ್ರೇಜ್’ ಚಿತ್ರದ ಅಮರಿಂದರ್ ಗಿಲ್, ಎಮ್ಮಿ ವಿರ್ಕ್, ಎಲ್ಲರೂ ಮೊದಲು ಗಾಯಕರು, ಆಮೇಲೆ ನಟರು. ನಮ್ಮಲ್ಲಿ ಇದು ತಿರುಗುಮುರುಗು. ರಾಜ್‌ಕುಮಾರ್ ಇಪ್ಪತ್ತು ವರ್ಷ ನಾಯಕರಾಗಿದ್ದ ಮೇಲೆ, 1974ರ ‘ಸಂಪತ್ತಿಗೆ ಸವಾಲ್’ನಿಂದ ಹಿನ್ನೆಲೆ ಗಾಯಕರಾಗಿಯೂ ನೆಲೆನಿಂತರು. ಪಂಜಾಬಿನಲ್ಲಿ ಜನ ಹಾಡಿನ ಮೂಲಕ ಪರಿಚಯವಾದವನ ಮುಖ ನೋಡಲೆಂದು ಚಿತ್ರಮಂದಿರಕ್ಕೆ ಹೋಗುತ್ತಾರೆ. ಹಾಗಾಗಿಯೇ ಅಲ್ಲಿ ಹಾಡು ಚಿತ್ರಕ್ಕಿಂತ ದೊಡ್ಡದಾಗಿ ಬೆಳೆದರೆ ಯಾರೂ ಅಚ್ಚರಿಪಡುವುದಿಲ್ಲ.

ತುಂಗಾತೀರ:
ಒಂದು ಅನುಮಾನ. ಸಂಸ್ಕೃತದಲ್ಲಿ ‘ಏಲಾ’, ನಮ್ಮಲ್ಲಿ ‘ಏಲಕ್ಕಿ’, ಹಿಂದಿಯಲ್ಲಿ ‘ಇಲಾಯ್ಚಿ’. ಪಂಜಾಬಿಯಲ್ಲಿ ಮಾತ್ರ ‘ಲಾಚಿ’ ಏಕೆ?

ಪದಕೋಶ:
ಪದದ ಮೊದಲಿಗೆ ಬರುವ, ಒತ್ತು ಬೀಳದ ಹ್ರಸ್ವ ಸ್ವರವನ್ನು ಪಂಜಾಬಿ ಬಾಯಿ ಮೆಲ್ಲಗೆ ಕಳಚಿಬಿಡುತ್ತದೆ. ಇಲಾಯ್ಚಿ ಲಾಚಿಯಾಗುವುದು ಹಾಗೆ. 2019ರ ಹಿಂದಿ ಚಿತ್ರ ‘ಲುಕಾ ಛುಪಿ’ಯಲ್ಲಿ ಈ ಹಾಡನ್ನು ಮತ್ತೆ ಮಾಡಿದಾಗ ಹೆಸರನ್ನು ‘ತೂ ಲೌಂಗ್ ಮೈ ಇಲಾಚಿ’ ಎಂದು ಬದಲಿಸಿದರು. ಹಿಂದಿ ಕೇಳುಗರಿಗೆ ಅರ್ಥವಾಗಲಿ ಎಂಬ ಉದ್ದೇಶ ಸರಿಯೇ. ಆದರೆ ‘ಲಾಚಿ’ ಎಂದರೆ ಒಬ್ಬ ಹೆಣ್ಣುಮಗಳ ಹೆಸರು, ಅಂಗಳದಿಂದ ಕೂಗಿ ಕರೆಯಬಹುದಾದ ಹೆಸರು. ‘ಇಲಾಚಿ’ ಎಂದೊಡನೆ ಅದು ಅಡುಗೆಮನೆಯ ಡಬ್ಬಿಗೆ ಮರಳಿತು. ನನಗೆ ಆ ಹಿಂದಿ ರೂಪವನ್ನು ಕೇಳಿದಾಗಲೆಲ್ಲ ನಿಜವಾಗಿ ಬೇಸರವಾಗುತ್ತದೆ.

ಏಲಕ್ಕಿ ತೋಟ:
ಸಕಲೇಶಪುರದ ಕಡೆಯವನು ನಾನು. ಹಾಡು, ವ್ಯಾಕರಣ ಹೆಚ್ಚು ತಿಳಿಯದು. ಗಿಡದ ಬಗ್ಗೆ ಎರಡು ಮಾತು ಹೇಳಬಹುದು ಎಂದುಕೊಂಡಿದ್ದೇನೆ.

ಲವಂಗ ಎನ್ನುವುದು ಹೂವಾಗದ ಮೊಗ್ಗು. ಮರ ಹತ್ತಿ, ಅರಳುವ ಮೊದಲೇ ಬಿಡಿಸಿ ಒಣಗಿಸುತ್ತಾರೆ. ಅರಳಿದರೆ ಅದಕ್ಕೆ ಬೆಲೆಯಿಲ್ಲ. ಏಲಕ್ಕಿ ಹಾಗಲ್ಲ. ಗಿಡ ಆಳೆತ್ತರಕ್ಕೂ ಮಿಗಿಲಾಗಿ ಬೆಳೆದರೂ ಕಾಯಿ ಬಿಡುವುದು ಬುಡದಲ್ಲಿ, ನೆಲಕ್ಕೆ ತಾಗಿದಂತೆ ಹರಡುವ ಗೊನೆಯಲ್ಲಿ. ಕೊಯ್ಯುವವರು ಇಡೀ ದಿನ ಬಗ್ಗಿಯೇ ಇರಬೇಕು. ಎಲ್ಲ ಕಾಯಿಯೂ ಒಟ್ಟಿಗೆ ಬಲಿಯುವುದಿಲ್ಲ, ಒಂದೇ ಗೊನೆಗೆ ನಾಲ್ಕೈದು ಸಲ ಮರಳಿ ಬರಬೇಕು. ಮಳೆ ಹೆಚ್ಚಾದರೆ ಕೊಳೆ, ಇಲ್ಲವಾದರೆ ಕಟ್ಟೆ ರೋಗ. ನಮ್ಮ ತಂದೆಯ ಕಾಲದಲ್ಲಿ ತೋಟದ ಅರ್ಧ ಭಾಗ ಕಟ್ಟೆ ರೋಗಕ್ಕೇ ಹೋಯಿತು.

ಪಂಜಾಬಿನಲ್ಲಿ ಏಲಕ್ಕಿಯೂ ಬೆಳೆಯುವುದಿಲ್ಲ, ಲವಂಗವೂ ಬೆಳೆಯುವುದಿಲ್ಲ. ಎರಡೂ ದಕ್ಷಿಣದಿಂದಲೋ ಸಮುದ್ರದ ಆಚೆಯಿಂದಲೋ ಹೋಗಬೇಕು. ತಮ್ಮ ನೆಲದಲ್ಲಿಲ್ಲದ ಎರಡು ವಸ್ತುಗಳನ್ನು ಆ ಜನ ಗಂಡುಹೆಣ್ಣಿನ ಜೋಡಿ ಮಾಡಿಕೊಂಡು ಹಾಡಿದ್ದಾರೆ ಎಂದು ಇವತ್ತು ತಿಳಿದು ಸಂತೋಷವಾಯಿತು. ನಾವು ಹಾವೇರಿಯ ಏಲಕ್ಕಿ ಹಾರವನ್ನು ಗಣ್ಯರ ಕೊರಳಿಗೆ ಹಾಕುತ್ತೇವೆ. ಅವರು ಅದನ್ನು ಮಗಳ ಹೆಸರಾಗಿ ಇಟ್ಟುಕೊಂಡಿದ್ದಾರೆ.

ಬಠಿಂಡಾ ದಿನಗಳು:
ಏಲಕ್ಕಿ ತೋಟ ಸರ್, ನಿಮ್ಮ ಮಾತು ಓದಿ ಬೀಜಿಯ ಅಡುಗೆಮನೆ ಕಣ್ಣಮುಂದೆ ಬಂತು. ಅಲ್ಲಿ ‘ಕೂಂಡಾ’ ಎಂಬ ಅಗಲ ಬಾಯಿಯ ಕುಟ್ಟಾಣಿ, ಅದಕ್ಕೆ ‘ಸೋಟಾ’ ಎಂಬ ಉದ್ದನೆಯ ಮರದ ಕೋಲು. ಬೀಜಿ ನೆಲದ ಮೇಲೆ ಕುಳಿತು ಕೂಂಡಾವನ್ನು ಎರಡು ಪಾದಗಳ ನಡುವೆ ಒತ್ತಿಹಿಡಿದು ಮೂರು ಏಲಕ್ಕಿ, ಒಂದು ಲವಂಗ ಹಾಕುತ್ತಿದ್ದರು. ಏಲಕ್ಕಿಯ ಸಿಪ್ಪೆಯನ್ನು ಎಸೆಯುತ್ತಿರಲಿಲ್ಲ. ಮೊದಲು ಸಿಪ್ಪೆಯನ್ನು ಕುದಿಯುವ ನೀರಿಗೆ ಹಾಕಿ, ಪುಡಿಯನ್ನು ಹಾಲು ಸುರಿದ ಮೇಲೆ ಹಾಕುತ್ತಿದ್ದರು.

ಅಲ್ಲೇ ನಾನು ಕಲಿತ ಒಂದು ಪಾಠ ಹೇಳಬೇಕು. ಪಂಜಾಬಿಯಲ್ಲಿ ದನಿಯ ಏರಿಳಿತದಿಂದಲೇ ಅರ್ಥ ಬದಲಾಗುತ್ತದೆ. ‘ಚಾ’ ಎಂಬುದನ್ನು ದನಿ ಮೇಲೇರಿಸಿ ಹೇಳಿದರೆ ಕುಡಿಯುವ ಚಹಾ, ಸಮನಾಗಿ ಹೇಳಿದರೆ ಉತ್ಸಾಹ, ಹಿಗ್ಗು. ನಾನು ಮೊದಮೊದಲು ಸಮದನಿಯಲ್ಲಿ ಕೇಳುತ್ತಿದ್ದೆ. ಬೀಜಿ ಪ್ರತಿಸಲವೂ ಲೋಟ ಕೈಗಿಡುತ್ತ, ‘ಪುತ್ತರ್, ಎರಡನ್ನೂ ಕೊಟ್ಟಿದ್ದೇನೆ’ ಎನ್ನುತ್ತಿದ್ದರು. ಕೆಲವು ತಿಂಗಳ ಮೇಲೆ ನನಗೆ ಅದು ಅರ್ಥವಾದದ್ದು. ಹಾಡಿನಲ್ಲಿ ಈ ಏರಿಳಿತ ರಾಗದೊಳಗೆ ಸೇರಿಕೊಳ್ಳುವುದರಿಂದಲೋ ಏನೋ, ಪಂಜಾಬಿ ಹಾಡನ್ನು ಕೇಳಿದಾಗ ಯಾರೋ ನಮ್ಮೊಡನೆ ಮಾತನಾಡುತ್ತಿದ್ದಾರೆ ಎನ್ನಿಸುತ್ತದೆ. ಮನ್ನತ್ ನೂರ್ ಅವರ ದನಿಯಲ್ಲಿ ಆ ಮಾತಿನ ಗುಣ ತುಂಬಾ ಇದೆ. ಅವರು ಮೈಕಿನ ಮುಂದೆ ನಿಂತು ಹಾಡಿದಂತಿಲ್ಲ, ಅಂಗಳದ ಆ ಕೊನೆಯಲ್ಲಿರುವವನಿಗೆ ಕೇಳಿಸಲೆಂದು ಹಾಡಿದಂತಿದೆ.

ಬ್ರಾಂಪ್ಟನ್ ಕನ್ನಡತಿ:
ಕೆನಡಾದಲ್ಲಿ ನಾನಿರುವ ಊರಿನಲ್ಲಿ ಕನ್ನಡಕ್ಕಿಂತ ಪಂಜಾಬಿ ನೂರು ಪಾಲು ಹೆಚ್ಚು ಕೇಳಿಸುತ್ತದೆ. ಬಸ್ಸಿನಲ್ಲಿ, ದಿನಸಿ ಅಂಗಡಿಯಲ್ಲಿ, ಮಕ್ಕಳ ಶಾಲೆಯ ಗೇಟಿನಲ್ಲಿ. 2018ರ ಬೇಸಿಗೆಯಲ್ಲಿ ಎದುರು ಮನೆಯ ಮದುವೆಗೆ ಹೋಗಿದ್ದೆ. ಹಿಂದಿನ ರಾತ್ರಿ ‘ಜಾಗೋ’ ಮೆರವಣಿಗೆ. ಹೆಂಗಸರು ದೀಪಗಳಿಂದ ಅಲಂಕರಿಸಿದ ಕೊಡವನ್ನು ತಲೆಯ ಮೇಲೆ ಹೊತ್ತು, ಮಲಗಿದವರೇ ಏಳಿ ಎಂದು ಹಾಡುತ್ತ ಬೀದಿಯಲ್ಲಿ ಸಾಗುತ್ತಾರೆ. ಅಂದು ಅಜ್ಜಿಯರು ಹಳೆಯ ಬೋಲಿಗಳನ್ನು ಹೇಳುತ್ತಿದ್ದರು. ಇಲ್ಲೇ ಹುಟ್ಟಿದ ಮೊಮ್ಮಕ್ಕಳಿಗೆ ಒಂದೂ ಬಾರದೆ ಫೋನು ನೋಡುತ್ತ ಹಿಂದೆ ಬರುತ್ತಿದ್ದರು. ಯಾರೋ ‘ಲೌಂಗ್ ಲಾಚಿ’ ಎತ್ತಿಕೊಂಡರು. ಆ ಮಕ್ಕಳೆಲ್ಲ ಮುಂದೆ ಓಡಿಬಂದರು. ಅಜ್ಜಿಯರೂ ನಿಲ್ಲಿಸಲಿಲ್ಲ, ಅದು ತಮ್ಮದೇ ಹಾಡೆಂಬಂತೆ ಚಪ್ಪಾಳೆ ಕೊಟ್ಟರು. ಅಜ್ಜಿ ಮೊಮ್ಮಗಳು ಇಬ್ಬರಿಗೂ ಬಾಯಿಪಾಠವಿದ್ದ ಹಾಡು ಆ ರಾತ್ರಿ ಅದೊಂದೇ.

ಪದಕೋಶ ಅವರು ಹೇಳಿದ ಹಳೆಯ ಹಾಡಿನ ನೆನಪು ಆ ಅಜ್ಜಿಯರಿಗೆ ಕೇಳಿಸಿರಬೇಕು ಎಂದು ಈಗ ಅನ್ನಿಸುತ್ತಿದೆ. ಆಗ ನನಗೆ ತಿಳಿದಿರಲಿಲ್ಲ. ನಮ್ಮ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಸೋಬಾನೆ ಪದ ಬಲ್ಲ ಅಜ್ಜಿಯರು ಇದ್ದಾರೆ, ಹೊಸ ಸಿನಿಮಾ ಹಾಡಿಗೆ ಕುಣಿಯುವ ಮಕ್ಕಳೂ ಇದ್ದಾರೆ. ಇಬ್ಬರಿಗೂ ಸೇರಿದ ಒಂದು ಹಾಡು ನಮಗೂ ಬೇಕೆಂಬ ಆಸೆ ನನಗೆ ಅಂದಿನಿಂದ ಹೋಗಿಲ್ಲ.

ನಿಷ್ಠುರ ನೋಟ:
ನಿನ್ನೆ ರಾತ್ರಿ ಚಿತ್ರವನ್ನು ಇನ್ನೊಮ್ಮೆ ನೋಡಿದೆ. ಒಂದನ್ನು ಒಪ್ಪಿಕೊಳ್ಳಬೇಕು. ಪ್ರೇಮ ಹಾಸ್ಯ ಚಿತ್ರಗಳು ಸಾಮಾನ್ಯವಾಗಿ ಮದುವೆಯ ಮಂಟಪದಲ್ಲಿ ಮುಗಿಯುತ್ತವೆ. ಇದು ಮಂಟಪದ ಆಚೆಯಿಂದ ಶುರುವಾಗುತ್ತದೆ. ಕೈಹಿಡಿದವಳನ್ನೇ ಒಲಿಸಿಕೊಳ್ಳಬೇಕಾದ ಗಂಡಸು, ಒಲಿಸಿಕೊ ಎಂದು ಕೇಳುವ ಧೈರ್ಯವಿರುವ ಹೆಂಗಸು. ‘ನಿನ್ನ ಹಿಂದೆ ಬಂದು ಕಳೆದುಹೋದೆ’ ಎಂಬ ಮಾತನ್ನು ಗಂಡನ ಮನೆಗೆ ಬಂದ ಹೆಣ್ಣಿನ ಬಾಯಲ್ಲಿ ಇಟ್ಟು ಕೇಳಿ. ತವರು ಬಿಟ್ಟು, ಹೆಸರಿನ ಹಿಂದಿನ ಊರು ಬಿಟ್ಟು, ಒಬ್ಬನ ಬೆನ್ನ ಹಿಂದೆ ನಡೆದು ಬಂದವಳು ಅವಳು. ಆಗ ಅದು ಬರೀ ಪ್ರಣಯದ ಮಾತಾಗಿ ಉಳಿಯುವುದಿಲ್ಲ. ಹಾಡನ್ನು ಚಿತ್ರದಿಂದ ಬೇರೆ ಮಾಡಿ ಕೇಳಿದ್ದರಿಂದ ನಾವು ಕಳೆದುಕೊಂಡದ್ದು ಇದನ್ನು. ತುಂಗಾತೀರ ಅವರ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದು.

ತುಂಗಾತೀರ:
ಇಷ್ಟನ್ನು ಕೇಳಲೆಂದೇ ನಾನು ಈ ಚರ್ಚೆ ತೆರೆದದ್ದು. ಎಲ್ಲರಿಗೂ ಕೃತಜ್ಞತೆಗಳು. ಒಂದೇ ಒಂದು ಉಳಿದಿದೆ. ಕನ್ನಡಕ್ಕೆ ತರುವುದಾದರೆ ‘ಲೌಂಗ್’ ಅನ್ನು ಲವಂಗ ಎನ್ನಬೇಕೇ, ಮೂಗುಬೊಟ್ಟು ಎನ್ನಬೇಕೇ? ಲವಂಗ ಎಂದರೆ ಒಡವೆ ಹೋಗುತ್ತದೆ. ಮೂಗುಬೊಟ್ಟು ಎಂದರೆ ಏಲಕ್ಕಿಗೆ ಜೊತೆಯಿಲ್ಲದಂತಾಗುತ್ತದೆ.

ಪದಕೋಶ:
ಪ್ರಾಸದ ದಾರಿಯನ್ನೂ ಯೋಚಿಸಿ. ಪಂಜಾಬಿಯಲ್ಲಿ ಪ್ರಾಸ ಸಾಲಿನ ತುದಿಯಲ್ಲಿ ಬರುತ್ತದೆ. ನಮ್ಮ ತ್ರಿಪದಿಯಲ್ಲಿ ಅದು ಸಾಲಿನ ಮೊದಲಿಗೆ, ಎರಡನೆಯ ಅಕ್ಷರದಲ್ಲಿ ಕೂರುತ್ತದೆ. ಗರತಿಯ ಹಾಡಿನ ಧಾಟಿಗೆ ತರುವುದಾದರೆ ‘ಏಲಕ್ಕಿ’ಯಿಂದ ಸಾಲು ಶುರುಮಾಡಿ, ಆ ‘ಲ’ಕಾರಕ್ಕೆ ಮುಂದಿನ ಸಾಲುಗಳನ್ನು ಹೊಂದಿಸಬೇಕು. ಲವಂಗವೋ ಮೂಗುಬೊಟ್ಟೋ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಬಠಿಂಡಾ ದಿನಗಳು:
ಇಂದು ಬೆಳಿಗ್ಗೆ ಬೀಜಿಗೆ ಫೋನು ಮಾಡಿದ್ದೆ. ಕಿವಿ ಸ್ವಲ್ಪ ಮಂದವಾಗಿದೆ, ಸೊಸೆ ಪಕ್ಕದಲ್ಲಿ ನಿಂತು ಪ್ರಶ್ನೆಯನ್ನು ಗಟ್ಟಿಯಾಗಿ ಹೇಳಿದಳು. ಲವಂಗವೋ ಮೂಗುಬೊಟ್ಟೋ ಎಂದು. ಬೀಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನನ್ನ ಮೂಗಿನಲ್ಲಿ ಲೌಂಗ್ ಇದೆ, ನಾನು ಹಾಡಿದರೆ ಅದು ಇದೇ. ಮೊಮ್ಮಗಳ ಮೂಗು ಖಾಲಿ, ಅವಳು ಹಾಡಿದರೆ ಅದು ಚಹಾಕ್ಕೆ ಹಾಕುವುದು’ ಎಂದರು. ಆ ಕಡೆ ಮೊಮ್ಮಗಳು ನಕ್ಕದ್ದು ಕೇಳಿಸಿತು. ಆಮೇಲೆ ಬೀಜಿ ನನ್ನ ಮಕ್ಕಳ ಪರೀಕ್ಷೆಯ ಬಗ್ಗೆ ಕೇಳಿದರು, ಹತ್ತಿ ಬೆಳೆಗೆ ಬಿದ್ದ ಹುಳುವಿನ ಬಗ್ಗೆ ಹೇಳಿದರು, ಕರ್ನಾಟಕದಲ್ಲಿ ಮಳೆ ಹೇಗಿದೆ ಎಂದು ವಿಚಾರಿಸಿದರು.

ಏಲಕ್ಕಿ ತೋಟ:
ಮೇಡಂ, ಈ ಸಲದ ಎರಡನೆಯ ಕೊಯ್ಲು ಒಣಗಿ ಗೂಡಿನಿಂದ ಹೊರಬಂದಿದೆ. ಬಣ್ಣ ಚೆನ್ನಾಗಿ ಹಸಿರಾಗಿ ನಿಂತಿದೆ. ಬೀಜಿಯವರಿಗೆ ಅರ್ಧ ಕಿಲೋ ಕಳುಹಿಸಬೇಕೆಂದಿದ್ದೇನೆ. ಅಂಚೆಯಲ್ಲಿ ಕಳುಹಿಸಿದರೆ ಬಠಿಂಡಾಕ್ಕೆ ಎಷ್ಟು ದಿನವಾಗಬಹುದು? ವಿಳಾಸವನ್ನು ಇಲ್ಲಿ ಹಾಕಬೇಡಿ, ಖಾಸಗಿ ಸಂದೇಶದಲ್ಲಿ ತಿಳಿಸಿ.